ಗೊಂಬೆಯ ಕಣ್ಣಿನ ಎತ್ತರಕ್ಕೆ ಕೂತು ನೋಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಹಿರಿಯರೊಬ್ಬರು ನೊಂದುಕೊಂಡು ಬರೆದಿದ್ದರು. ಗೊಂಬೆ ಹಬ್ಬ ಈಗ ಬರೀ ಫೋಟೊ ಹಬ್ಬ ಆಗಿಬಿಟ್ಟಿದೆ, ಮನೆಗೆ ಬಂದವರು ಗೊಂಬೆ ನೋಡುವುದೇ ಇಲ್ಲ, ಮೊಬೈಲ್ ಎತ್ತುತ್ತಾರೆ, ಬೊಂಬೆ ಬಾಗಿನ ತಗೊಂಡು ಹೊರಡುತ್ತಾರೆ ಅಂತ. ಅವರ ನೋವು ನನಗೆ ಅರ್ಥವಾಗುತ್ತದೆ. ನಾವು ಚಿಕ್ಕವರಿದ್ದಾಗ ಸಂಜೆಯಾದರೆ ಲಂಗದ ಅಂಚು ಎತ್ತಿ ಹಿಡಿದು "ಗೊಂಬೆ ಕೂರಿಸಿದ್ದೀರಾ?" ಅಂತ ಮನೆ ಮನೆಗೂ ಓಡುತ್ತಿದ್ದೆವು. ಒಂದೊಂದು ಮನೆಯಲ್ಲೂ ಕಾಲು ಗಂಟೆ ಕೂತು ನೋಡುತ್ತಿದ್ದೆವು.

ಆದರೆ ತಪ್ಪು ಫೋಟೊದ್ದಲ್ಲ ಅಂತ ನನಗೆ ಅನಿಸುತ್ತದೆ. ನಿಂತ ಕಡೆಯಿಂದಲೇ ಎರಡು ಸೆಕೆಂಡಿನಲ್ಲಿ ತೆಗೆಯುತ್ತೇವಲ್ಲ, ತೊಂದರೆ ಅಲ್ಲಿದೆ. ಸರಿಯಾಗಿ ಫೋಟೊ ತೆಗೆಯೋಕೆ ಹೊರಟರೆ ಒಂದು ಗೊಂಬೆಯನ್ನು ಅರ್ಧ ಗಂಟೆ ನೋಡಲೇಬೇಕು. ನಾಲ್ಕು ವರ್ಷದಿಂದ ಮನೆಯಲ್ಲೇ ಗೊಂಬೆಗಳ ಫೋಟೊ ತೆಗೆಯುತ್ತಿದ್ದೇನೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕ್ಷಮಿಸಿ.

ನಾನು ತ್ಯಾಗರಾಜನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಫಾಲ್ಸ್, ಪಿಕೊ, ಕುಚ್ಚು ಎಲ್ಲ ಮಾಡಿಕೊಡುತ್ತೇನೆ. 31 ವರ್ಷ ಆಯಿತು. ವರಮಹಾಲಕ್ಷ್ಮಿ ಹಬ್ಬದಿಂದ ದೀಪಾವಳಿ ತನಕ ತಲೆ ಎತ್ತೋಕೆ ಪುರಸೊತ್ತಿಲ್ಲ. ಭಾನುವಾರ ಬೆಳಿಗ್ಗೆ ಮಾತ್ರ ಮಿಷನ್ ಮೇಲೆ ಬಟ್ಟೆ ಇರುವುದಿಲ್ಲ. ಆಗ ಅದೇ ಟೇಬಲ್ ನನ್ನ ಸ್ಟುಡಿಯೊ.

ಶುರುವಾಗಿದ್ದು ಮೇಲ್ಮನೆಗೆ ಬಾಡಿಗೆಗೆ ಬಂದ ಹುಡುಗಿಯಿಂದ. ಸಾಫ್ಟ್‌ವೇರ್ ಕೆಲಸ. ಒಂದು ದಿನ ಅಂಗೈ ಅಗಲದ ಒಂದು ಫ್ರಾಕು ಹಿಡಿದು ಬಂದಳು. "ಆಂಟಿ, ಇದಕ್ಕೆ ತೋಳು ಇಡಕ್ಕಾಗತ್ತಾ?" ಅಂದಳು. ಅದು ಅವಳ ಬ್ಲೈತ್ ಗೊಂಬೆಯದು. ಅಂಥ ಗೊಂಬೆಯನ್ನು ನಾನು ಅದೇ ಮೊದಲು ನೋಡಿದ್ದು. ಮೈ ಕಡ್ಡಿ ಹಾಗೆ, ತಲೆ ಕಿತ್ತಳೆ ಹಣ್ಣಿಗಿಂತ ದೊಡ್ಡದು. ತಲೆಯ ಹಿಂದೆ ಒಂದು ದಾರ ಇದೆ, ಎಳೆದರೆ ಕಣ್ಣು ಮುಚ್ಚಿ ತೆರೆಯುತ್ತದೆ, ತೆರೆದಾಗ ಕಣ್ಣಿನ ಬಣ್ಣವೇ ಬದಲು. ನಾಲ್ಕು ಬಣ್ಣ. ಅವಳು ಅದನ್ನು ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಾಳೆ, ಬಿದಿರು ಮೆಳೆಯ ಕೆಳಗೆ ಕೂರಿಸಿ ಫೋಟೊ ತೆಗೆಯುತ್ತಾಳೆ.

ಆ ಗೊಂಬೆಯ ಕಥೆಯನ್ನು ಅವಳೇ ಹೇಳಿದಳು. 1972ರಲ್ಲಿ ಅಮೆರಿಕದಲ್ಲಿ ಬಂತಂತೆ. ಆ ದೊಡ್ಡ ಕಣ್ಣು ಮಕ್ಕಳಿಗೆ ಹಿಡಿಸಲಿಲ್ಲ, ಒಂದೇ ವರ್ಷಕ್ಕೆ ನಿಂತೇಹೋಯಿತು. 25 ವರ್ಷ ಅದನ್ನು ಹೆಚ್ಚು ಜನ ಕೇಳಲೇ ಇಲ್ಲ. ಆಮೇಲೆ ನ್ಯೂಯಾರ್ಕಿನ ಜೀನಾ ಗರಾನ್ ಅನ್ನುವ ಹೆಣ್ಣುಮಗಳ ಕೈಗೆ ಹಳೆಯದೊಂದು ಸಿಕ್ಕಿತು. ಅವರು ಹೋದ ಕಡೆಗೆಲ್ಲ ಅದನ್ನು ಜೊತೆಗೆ ಒಯ್ದು ಫೋಟೊ ತೆಗೆದರು, 2000ದಲ್ಲಿ ಆ ಫೋಟೊಗಳದ್ದೇ ಒಂದು ಪುಸ್ತಕ ಬಂತು. ಮಾರನೇ ವರ್ಷವೇ ಜಪಾನಿನಲ್ಲಿ ಗೊಂಬೆಯನ್ನು ಮತ್ತೆ ತಯಾರಿಸಲು ಶುರು ಮಾಡಿದರು. ಇವತ್ತಿಗೂ ತಯಾರಾಗುತ್ತಿದೆ. ಸತ್ತೇ ಹೋಗಿದ್ದ ಗೊಂಬೆಗೆ ಫೋಟೊದಿಂದ ಮತ್ತೆ ಜೀವ ಬಂತು. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಅಟ್ಟದ ಮೇಲೆ ಟ್ರಂಕಿನಲ್ಲಿ, ಹಳೇ ಪಂಚೆಯಲ್ಲಿ ಸುತ್ತಿಟ್ಟ ಗೊಂಬೆಗಳೇ ಕಣ್ಣ ಮುಂದೆ ಬಂದವು. ವರ್ಷಕ್ಕೆ ಒಂಬತ್ತು ದಿನ ಹೊರಗೆ, ಉಳಿದದ್ದೆಲ್ಲ ಕತ್ತಲೆ.

ಮಾರನೇ ಭಾನುವಾರವೇ ಟ್ರಂಕು ಇಳಿಸಿದೆ. ಎಲ್ಲ ಗೊಂಬೆ ಸಾಲಾಗಿ ನಿಲ್ಲಿಸಿ, ಟ್ಯೂಬ್‌ಲೈಟ್ ಹಾಕಿ, ಫ್ಲ್ಯಾಶ್ ಹಾಕಿ ತೆಗೆದೆ. ಚೆನ್ನಪಟ್ಟಣದ ಗೊಂಬೆಯ ತಲೆ ಮೇಲೆ ಬಿಳಿ ಚುಕ್ಕೆ. ರಾಜ ರಾಣಿಯ ಹಿಂದೆ ಗೋಡೆಯಲ್ಲಿ ಕಪ್ಪು ನೆರಳು. ಎಲ್ಲರ ಮುಖವೂ ಒಂದೇ ಥರ ಚಪ್ಪಟೆ. ಮೇಲ್ಮನೆ ಹುಡುಗಿ ನೋಡಿ ಒಂದೇ ಮಾತು ಹೇಳಿದಳು. "ಆಂಟಿ, ನೀವು ನಿಂತ್ಕೊಂಡು ತೆಗ್ದಿದೀರಾ. ಗೊಂಬೆ ಎಲ್ಲಿ ನೋಡ್ತಿದೆ ಅಂತ ನೋಡಿ. ಅಲ್ಲಿ ಹೋಗಿ ಕೂತ್ಕೊಳ್ಳಿ."

ಅಷ್ಟೇ. ನಾನು ಮೊಣಕಾಲೂರಿ ಕೂತೆ. ಆರು ಇಂಚಿನ ಗೊಂಬೆಯ ಕಣ್ಣಿನ ಎತ್ತರಕ್ಕೆ ನನ್ನ ಕಣ್ಣು ಬಂತು. 40 ವರ್ಷದಿಂದ ಮನೆಯಲ್ಲಿದ್ದ ಗೊಂಬೆ ಅವತ್ತು ನನ್ನ ಕಡೆ ನೋಡಿತು.

ಅವತ್ತಿನಿಂದ ಕಲಿತದ್ದನ್ನು ಬರೆಯುತ್ತೇನೆ. ಇದಕ್ಕೆ ದೊಡ್ಡ ಕ್ಯಾಮೆರಾ ಬೇಡ, ದುಡ್ಡೂ ಬೇಡ. ಬೇಕಾಗಿರುವುದು ಒಂದು ಕಿಟಕಿ.

ಟೈಲರ್‌ಗಳಿಗೆ ಬೆಳಕಿನ ಪಾಠ ಯಾರೂ ಮಾಡಬೇಕಾಗಿಲ್ಲ. ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ಸಂಜೆ ಹೊತ್ತು ಟ್ಯೂಬ್‌ಲೈಟಿನ ಕೆಳಗೆ ಹೆಮ್ಮಿಂಗ್ ಮಾಡಿ ನೋಡಿ, ಗೊತ್ತಾಗುತ್ತದೆ. ಅದಕ್ಕೇ ನಮ್ಮ ಮಿಷನ್ ಯಾವಾಗಲೂ ಕಿಟಕಿ ಪಕ್ಕ. ನನ್ನದು ಪೂರ್ವದ ಕಿಟಕಿ. ಎಂಟೂವರೆ ತನಕ ಬಿಸಿಲು ನೇರ ಟೇಬಲ್ ಮೇಲೆ ಬೀಳುತ್ತದೆ, ಆ ಬಿಸಿಲಿನಲ್ಲಿ ನೆರಳು ಕತ್ತರಿಸಿದ ಹಾಗೆ ಇರುತ್ತದೆ. ಕಿಟಕಿಗೆ ಬಿಳಿ ಪಂಚೆ ಅಡ್ಡ ಕಟ್ಟಿದರೆ ಅದೇ ಬೆಳಕು ಹಾಲಿನ ಹಾಗೆ ಮೆತ್ತಗಾಗುತ್ತದೆ. ಆಷಾಢದಲ್ಲಿ ಪಂಚೆಯೂ ಬೇಡ, ನಮ್ಮ ಬೆಂಗಳೂರಿನ ಮೋಡವೇ ಸಾಕು. ಎಲ್ಲರೂ ಮೋಡದ ದಿನ ಫೋಟೊ ಚೆನ್ನಾಗಿ ಬರಲ್ಲ ಅಂತಾರೆ. ಗೊಂಬೆಗೆ ಅದಕ್ಕಿಂತ ಒಳ್ಳೆ ದಿನ ಇಲ್ಲ.

ಗೊಂಬೆಯನ್ನು ಕಿಟಕಿಗೆ ಎದುರು ನಿಲ್ಲಿಸಬೇಡಿ, ಬೆನ್ನು ಮಾಡಿಯೂ ಬೇಡ. ಬೆಳಕು ಒಂದು ಕೆನ್ನೆಗೆ ಬರಬೇಕು. ಇನ್ನೊಂದು ಕೆನ್ನೆ ಕಪ್ಪಾಗುತ್ತದಲ್ಲ, ಆ ಕಡೆ ಟಿವಿ ಡಬ್ಬದಲ್ಲಿ ಬಂದ ಥರ್ಮಾಕೋಲ್ ತುಂಡು ನಿಲ್ಲಿಸಿ. ಹತ್ತಿರ ತಂದರೆ ಕೆನ್ನೆ ಬೆಳಗುತ್ತದೆ, ದೂರ ಸರಿಸಿದರೆ ಮಂಕಾಗುತ್ತದೆ. ಮೂಗಿನ ಆಚೆ ಸಣ್ಣ ನೆರಳು ಉಳಿದರೆ ಸಾಕು, ಮುಖಕ್ಕೆ ಗುಂಡಗಿನ ಆಕಾರ ಬರುತ್ತದೆ. ರೂಮಿನ ಲೈಟು ಮಾತ್ರ ಆರಿಸಿಬಿಡಿ. ಕಿಟಕಿ ಬೆಳಕು ಒಂದು ಬಣ್ಣ, ಬಲ್ಬಿನ ಬೆಳಕು ಇನ್ನೊಂದು ಬಣ್ಣ. ಎರಡೂ ಸೇರಿದರೆ ಗೊಂಬೆಯ ಒಂದು ಕಡೆ ನೀಲಿ, ಒಂದು ಕಡೆ ಅರಿಶಿನ.

ಹಿನ್ನೆಲೆಗೆ ಅವೆನ್ಯೂ ರಸ್ತೆಯಿಂದ ತಂದ ಡ್ರಾಯಿಂಗ್ ಶೀಟು. ಗೋಡೆಗೆ ಅಂಟಿಸಿ, ಮಡಿಕೆ ಬೀಳದ ಹಾಗೆ ಟೇಬಲ್ ಮೇಲಕ್ಕೆ ಬಾಗಿಸಿ ಇಳಿಬಿಟ್ಟರೆ ಗೋಡೆ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಗೊಂಬೆಯನ್ನು ಶೀಟಿಗೆ ಒರಗಿಸಬೇಡಿ, ಒಂದು ಅಡಿ ಮುಂದೆ ತನ್ನಿ.

ಮೊಬೈಲನ್ನು ತಲೆಕೆಳಗು ಮಾಡಿ ಹಿಡಿಯಿರಿ. ಆಗ ಅದರ ಕಣ್ಣು ಟೇಬಲ್ ಮಟ್ಟಕ್ಕೆ ಬರುತ್ತದೆ. ತುಂಬ ಹತ್ತಿರ ಹೋದರೆ ಮೂಗು ದಪ್ಪ, ಕಿವಿ ಮಾಯ. ಎರಡು ಹೆಜ್ಜೆ ಹಿಂದೆ ಸರಿದು ಎರಡರಷ್ಟು ಜೂಮ್ ಮಾಡಿ. ಗೊಂಬೆಯ ಕಣ್ಣಿನ ಮೇಲೆ ಬೆರಳಿಟ್ಟು ಒತ್ತಿ ಹಿಡಿದರೆ ಫೋಕಸ್ ಅಲ್ಲೇ ನಿಲ್ಲುತ್ತದೆ, ಆಮೇಲೆ ಬೆಳಕನ್ನು ಒಂಚೂರು ಕಮ್ಮಿ ಮಾಡಿಕೊಳ್ಳಿ. ಮೊಬೈಲನ್ನು ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ಟಿಗೆ ಒರಗಿಸಿ ಮೂರು ಸೆಕೆಂಡಿನ ಟೈಮರ್ ಹಾಕಿದರೆ ಕೈ ನಡುಗುವ ಚಿಂತೆ ಇಲ್ಲ. ಮೊಬೈಲಿನಲ್ಲಿ ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಅಂತ ಒಂದು ಇದೆಯಲ್ಲ, ಅದನ್ನು ಬಳಸಬೇಡಿ. ನಮ್ಮ ರಾಣಿಯ ಕಿರೀಟದ ತುದಿಯನ್ನು ಅದು ಗೋಡೆ ಅಂದುಕೊಂಡು ಅಳಿಸಿಹಾಕುತ್ತದೆ.

ಮೊದಲು ದೂಳು ಒರೆಸಿ. ಕಣ್ಣಿಗೆ ಕಾಣದ ದೂಳು ಫೋಟೊದಲ್ಲಿ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಮೆತ್ತಗಿನ ಒಣ ಬ್ರಷ್ ಸಾಕು. ಮಣ್ಣಿನ ಗೊಂಬೆಗೆ ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ, ಬಣ್ಣ ಬಟ್ಟೆಗೆ ಬಂದುಬಿಡುತ್ತದೆ.

ಒಂದು ತಪ್ಪು ಮಾಡಿದ್ದನ್ನು ಹೇಳಲೇಬೇಕು, ಬೇರೆಯವರು ಮಾಡದಿರಲಿ ಅಂತ. ಒಂದು ಮಳೆಯ ಸಂಜೆ ಕಿಟಕಿ ಬೆಳಕು ಸಾಲಲಿಲ್ಲ. ಟೇಬಲ್ ಲ್ಯಾಂಪಿಗೆ ಹಳೇ ಕಾಲದ 100 ವ್ಯಾಟ್ ಬಲ್ಬು ಹಾಕಿ ಗೊಂಬೆಗೆ ತಾಗುವಷ್ಟು ಹತ್ತಿರ ಇಟ್ಟೆ. ಅದು ಚೆನ್ನಪಟ್ಟಣದ ಕೆಂಪು ಹಳದಿ ಗೊಂಬೆ, ಕಡಲೆಕಾಯಿ ಪರಿಷೆಯಲ್ಲಿ ನಮ್ಮ ಯಜಮಾನರು ಕೊಡಿಸಿದ್ದು. ಹತ್ತು ಹದಿನೈದು ನಿಮಿಷ ಆಗಿರಬೇಕು. ಸ್ವಲ್ಪ ತಿರುಗಿಸೋಣ ಅಂತ ಹಿಡಿದೆ, ಹೆಬ್ಬೆರಳು ಅಂಟಿಕೊಂಡಿತು. ಬಿಡಿಸಿದರೆ ಅದರ ಹೊಟ್ಟೆ ಮೇಲೆ ನನ್ನ ಬೆರಳಿನ ಗೆರೆಗಳು. ಅರಗು ಮೆತ್ತಗಾಗಿತ್ತು. ಚೆನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ಚರಕಿಗೆ, ಅಂದರೆ ಮರ ತಿರುಗಿಸುವ ಯಂತ್ರಕ್ಕೆ ಕೊಟ್ಟು ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ತಾಳೆ ಗರಿಯಲ್ಲಿ ಉಜ್ಜಿ ಹೊಳಪು ತರುತ್ತಾರೆ. ಬಿಸಿಯಲ್ಲಿ ಹತ್ತಿದ್ದು ಬಿಸಿಗೆ ಬಿಟ್ಟುಕೊಡುತ್ತದೆ. ಆ ಗೊಂಬೆ ಈಗಲೂ ಇದೆ, ಗುರುತು ಹಾಗೇ ಇದೆ. ಅದನ್ನು ಫೋಟೊ ತೆಗೆಯುವಾಗೆಲ್ಲ ಆ ಗುರುತನ್ನು ಕಿಟಕಿ ಕಡೆಗೇ ತಿರುಗಿಸುತ್ತೇನೆ. ಗೊಂಬೆ ಹೇಗೆ ಹುಟ್ಟಿತು ಅನ್ನುವುದು ಅಲ್ಲಿ ಕಾಣುತ್ತದೆ.

ಇದೇ ಫೋಟೊಗಳಿಂದ ಇನ್ನೊಂದು ಗೊತ್ತಾಯಿತು. ಚರಕಿಯ ಮೇಲೆ ಹತ್ತಿದ ಅರಗಿನಲ್ಲಿ ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಗೆರೆ ಬಳೆಯ ಹಾಗೆ ಸುತ್ತಲೂ ಒಂದೇ ಸಮ. ಬ್ರಷ್ಷಿನಲ್ಲಿ ಪೇಂಟ್ ಬಳಿದದ್ದಾದರೆ ಆ ಗೆರೆ ಅಲ್ಲಲ್ಲಿ ನಡುಗುತ್ತದೆ. ಬರಿಗಣ್ಣಿಗೆ ಎರಡೂ ಒಂದೇ. ಫೋಟೊ ದೊಡ್ಡದು ಮಾಡಿ ನೋಡಿದರೆ ಯಾವುದು ಯಾವುದು ಅಂತ ತಿಳಿಯುತ್ತದೆ.

ಬಟ್ಟೆಯ ವಿಷಯ ನನ್ನ ಕಸುಬು, ಅದಕ್ಕೆ ಎರಡು ಮಾತು ಜಾಸ್ತಿ ಹೇಳುತ್ತೇನೆ. ಮೊಮ್ಮಗಳ ಹತ್ತಿರ ಬಾರ್ಬಿ ಇದೆ. 1959ರಲ್ಲಿ ಮೊದಲ ಬಾರ್ಬಿ ಬಂದಾಗಿನಿಂದ ಅದರ ಎತ್ತರ ಹೆಚ್ಚು ಕಮ್ಮಿ ಅಷ್ಟೇ, 29 ಸೆಂ.ಮೀ. ಅಂದರೆ ಮನುಷ್ಯರ ಆರನೇ ಒಂದು ಪಾಲು. ಲೆಕ್ಕ ಹಾಕಿದೆ. ನಮ್ಮ ಸೀರೆ ಐದೂವರೆ ಮೀಟರ್, ಅದರ ಆರನೇ ಒಂದು ಪಾಲು 90 ಸೆಂ.ಮೀ. ಚಿಲ್ಲರೆ. ಸುಮಾರು ಒಂದು ಬ್ಲೌಸ್ ಪೀಸಿನ ಉದ್ದ! ಗೊಂಬೆ ಸೀರೆಯ ಅಗಲ ಏಳೂವರೆ ಇಂಚು. ಆರು ಇಂಚಿನ ಅಂಚು ಇದ್ದರೆ ಗೊಂಬೆಗೆ ಒಂದು ಇಂಚು. ನನ್ನ ಕಟ್‌ಪೀಸ್ ಚೀಲದಲ್ಲಿ ಇದಕ್ಕೆ ಬರವಿಲ್ಲ. ಹೂವಿನ ಡಿಸೈನ್ ಇರುವ ಬಟ್ಟೆಯಾದರೆ ಹೂವು ಸಾಸಿವೆಯಷ್ಟು ಇರಬೇಕು. ದೊಡ್ಡ ಹೂವು ಹಾಕಿದರೆ ಗೊಂಬೆ ಪರದೆ ಸುತ್ತಿಕೊಂಡ ಹಾಗೆ ಕಾಣುತ್ತದೆ.

ಉದ್ದ ಅಗಲ ಕಮ್ಮಿ ಮಾಡಬಹುದು, ಬಟ್ಟೆಯ ದಪ್ಪ ಕಮ್ಮಿ ಮಾಡಲಾಗುವುದಿಲ್ಲ. ಹೊಸ ಬಟ್ಟೆ ಗೊಂಬೆ ಮೇಲೆ ಕೊಡೆ ಹಾಗೆ ನಿಲ್ಲುತ್ತದೆ. ಅದಕ್ಕೆ ಒಗೆದು ಒಗೆದು ನವೆದ ಮಲ್, ಅಂದರೆ ತೆಳು ಹತ್ತಿ ಬಟ್ಟೆಯೇ ಆಗಬೇಕು. ತಿಳಿ ಗಂಜಿಯಲ್ಲಿ ಅದ್ದಿ, ಹಿಂಡಿ, ಒದ್ದೆಯಲ್ಲೇ ನೆರಿಗೆ ಹಿಡಿದು, ಸೊಂಟಕ್ಕೆ ದಾರ ಸುತ್ತಿ ಒಣಗಲು ಬಿಡುತ್ತೇನೆ. ಒಣಗಿದ ಮೇಲೆ ದಾರ ಬಿಚ್ಚಿದರೂ ನೆರಿಗೆ ಬಿದ್ದುಕೊಂಡೇ ಇರುತ್ತದೆ. ಈ ಗಂಜಿ ಉಪಚಾರ ಪ್ಲಾಸ್ಟಿಕ್ ಗೊಂಬೆಗೆ ಮಾತ್ರ. ಮಣ್ಣು, ಮರದ ಗೊಂಬೆಗೆ ಒಣ ಬಟ್ಟೆಯನ್ನೇ ಉಡಿಸಿ. ಕುಚ್ಚು ಕಟ್ಟಿ ಉಳಿದ ರೇಷ್ಮೆ ದಾರದಲ್ಲಿ ಜಡೆ ಆಗುತ್ತದೆ.

ಸುತ್ತಲಿನ ಸಾಮಾನಿಗೂ ಅಂಗಡಿಗೆ ಹೋಗಬೇಕಾಗಿಲ್ಲ. ಕುಂಕುಮದ ಭರಣಿ ಗೊಂಬೆಗೆ ಹಂಡೆ. ರಾಗಿ ಹರಡಿದರೆ ಕೆಂಪು ನೆಲ. ನಮ್ಮ ಅಮ್ಮಂದಿರು ಗೊಂಬೆ ಹಬ್ಬಕ್ಕೆ ಪಾರ್ಕು ಮಾಡಲು ತಟ್ಟೆಯಲ್ಲಿ ರಾಗಿ ಪೈರು ಬೆಳೆಸುತ್ತಿದ್ದರಲ್ಲ, ಅದನ್ನೇ ಮಾಡಿ. ವಾರದೊಳಗೆ ಎರಡು ಇಂಚು ಬರುತ್ತದೆ. ಅದರ ಹಿಂದೆ ಗೊಂಬೆ ನಿಲ್ಲಿಸಿ ಕಣ್ಣಿನ ಮಟ್ಟದಿಂದ ನೋಡಿದರೆ ಸೊಂಟದವರೆಗೆ ಪೈರಿನಲ್ಲಿ ನಿಂತ ರೈತ. ಹೋದ ವರ್ಷ ಹೀಗೆ ತೆಗೆದ ಫೋಟೊ ನೋಡಿ ಮೊಮ್ಮಗಳು, "ಅಜ್ಜಿ, ಇದು ಯಾವ ಊರು?" ಅಂತ ಕೇಳಿದಳು.

ಈಗ ಪಟ್ಟದ ಗೊಂಬೆಗೆ ಬರುತ್ತೇನೆ. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ರಾಜ ರಾಣಿ ಜೋಡಿ. ರಕ್ತಚಂದನದ್ದು ಅಂತ ಹೇಳುತ್ತಿದ್ದಳು. ಅವಳಿಗೆ ಅವಳಮ್ಮ ಕೊಟ್ಟದ್ದು. ಪ್ರತಿ ವರ್ಷ ಹೊಸ ಬಟ್ಟೆ ಉಡಿಸಿ ಮೇಲಿನ ಮೆಟ್ಟಿಲ ಮೇಲೆ ಕೂರಿಸುತ್ತೇವೆ, ಮೈ ಕಾಣುವುದೇ ಇಲ್ಲ. ಈ ಸಲ ಹಬ್ಬ ಮುಗಿದ ಮೇಲೆ, ಟ್ರಂಕಿಗೆ ಹಾಕುವ ಮುಂಚೆ, ಬಟ್ಟೆ ಬಿಚ್ಚಿ ರಾಣಿಯನ್ನು ಮಾತ್ರ ಕಿಟಕಿ ಪಕ್ಕ ನಿಲ್ಲಿಸಿದೆ. ಬೆಳಕು ಪೂರ್ತಿ ಪಕ್ಕದಿಂದ ಬರುವ ಹಾಗೆ. ಅಂಥ ಬೆಳಕಿನಲ್ಲಿ ಮರದ ಪ್ರತಿಯೊಂದು ಏರುಪೇರೂ ಎದ್ದು ಬರುತ್ತದೆ. ಫೋಟೊ ದೊಡ್ಡದು ಮಾಡಿ ನೋಡಿದಾಗ ಸೊಂಟದ ಸುತ್ತ ಒಂದು ಗೆರೆ ಕಂಡಿತು. ಕೆತ್ತನೆಯದಲ್ಲ. ಕೂದಲೆಳೆಯಷ್ಟು ತಗ್ಗು, ಸುತ್ತಲಿನ ಮರಕ್ಕಿಂತ ನುಣುಪು. ಅಮ್ಮ, ಅಜ್ಜಿ ವರ್ಷ ವರ್ಷ ದಾರ ಬಿಗಿದು ಸೀರೆ ಉಡಿಸಿದ ಗೆರೆ ಅದು. ಅಷ್ಟು ಗಟ್ಟಿ ಮರ, ಬರೀ ದಾರಕ್ಕೆ ಸವೆದಿದೆ. ನಾನೂ ಅದೇ ಜಾಗಕ್ಕೆ ದಾರ ಕಟ್ಟುತ್ತಿದ್ದೆ, ಗೊತ್ತಿಲ್ಲದೆ, ಕೈಗೆ ಅಲ್ಲಿ ಸರಿಯಾಗಿ ಕೂರುತ್ತದೆ ಅಂತ. ಆ ಭಾನುವಾರ ಬೇರೆ ಯಾವ ಫೋಟೊವನ್ನೂ ತೆಗೆಯಲಿಲ್ಲ.

ಪತ್ರ ಬರೆದ ಹಿರಿಯರಿಗೆ ನಾನು ಹೇಳಬೇಕೆಂದಿರುವುದು ಇದನ್ನೇ. ಸ್ವಾಮಿ, ಮೊಬೈಲ್ ಇಲ್ಲದೆ ಹೋಗಿದ್ದರೆ ಆ ಗೆರೆಯನ್ನು ನಾನು ನೋಡುತ್ತಲೇ ಇರಲಿಲ್ಲ.

ಸಂಪಾದಕರೇ, ನಿಮ್ಮಲ್ಲಿ ಒಂದು ಬೇಡಿಕೆ. ಪ್ರತಿ ದಸರಾಗೆ ಓದುಗರ ಮನೆಯ ಗೊಂಬೆಗಳ ಫೋಟೊ ಹಾಕುತ್ತೀರಿ, ಸಂತೋಷ. ಆದರೆ ಒಂದು ಪುಟದಲ್ಲಿ ಇಪ್ಪತ್ತು ಫೋಟೊ. ಎಲ್ಲವೂ ದೂರದಿಂದ ತೆಗೆದ ಮೆಟ್ಟಿಲುಗಳು, ಮುಂದೆ ಮನೆಯವರು ನಿಂತಿರುತ್ತಾರೆ. ಒಂದು ಗೊಂಬೆಯ ಮುಖವೂ ಕಾಣುವುದಿಲ್ಲ. ಕೆಳಗೆ ಮನೆಯವರ ಹೆಸರು, ಬಡಾವಣೆ ಇರುತ್ತದೆ. ಗೊಂಬೆ ಯಾವ ಊರಿನದು, ಯಾವ ಮರದ್ದು ಅಂತ ಇರುವುದಿಲ್ಲ.

ವಾರಕ್ಕೆ ಒಂದೇ ಗೊಂಬೆ ಹಾಕಿ. ಬರೀ ಒಂದು. ವರ್ಷವಿಡೀ ಹಾಕಿ. ಓದುಗರು ಮನೆಯಲ್ಲೇ, ಕಿಟಕಿ ಬೆಳಕಿನಲ್ಲಿ, ಗೊಂಬೆಯ ಮುಖ ಕಾಣುವ ಹಾಗೆ ತೆಗೆದು ಕಳಿಸಲಿ. ಕೆಳಗೆ ಎರಡು ಸಾಲು ಇರಲಿ: ಎಲ್ಲಿಯದು, ಯಾತರದ್ದು, ಮನೆಗೆ ಹೇಗೆ ಬಂತು. ಕೊಪ್ಪಳದ ಹತ್ತಿರ ಕಿನ್ನಾಳ ಇದೆ. ಹಗುರ ಮರ, ಹುಣಸೆ ಬೀಜದ ಅಂಟು, ಮರದ ಪುಡಿ ಎಲ್ಲ ಸೇರಿಸಿ ಚಿತ್ರಗಾರರು ಅಲ್ಲಿ ಗೊಂಬೆ ಮಾಡುತ್ತಾರೆ. ಚೆನ್ನಪಟ್ಟಣದ ಹಾಗೆ ಅದಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಅಂದರೆ ಆ ಊರಿನ ಹೆಸರನ್ನು ಬೇರೆ ಕಡೆಯ ಗೊಂಬೆಗೆ ಹಾಕುವ ಹಾಗಿಲ್ಲ. ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಸಲು ಬರುವವರನ್ನು ಕೇಳಿದೆ. ಚೆನ್ನಪಟ್ಟಣ ಎಲ್ಲರಿಗೂ ಗೊತ್ತು. ಕಿನ್ನಾಳ ಅಂದಾಗ ಗೊತ್ತಿದೆ ಅಂದವರು ಇಬ್ಬರೇ. ಅವರಿಬ್ಬರೂ ಆ ಕಡೆಯವರು. ಉಳಿದವರಿಗೆ ಮೊಬೈಲಿನಲ್ಲಿ ನನ್ನ ಕಿನ್ನಾಳದ ಗೌರಿಯ ಮುಖ ತೋರಿಸಿದೆ. ಹುಬ್ಬಿನ ಗೆರೆ ಒಂದೇ ಎಳೆತದಲ್ಲಿ ಬಂದಿದೆ ಅದರಲ್ಲಿ. "ಅಯ್ಯೋ, ಎಷ್ಟು ಚೆನ್ನಾಗಿದೆ, ಎಲ್ಲಿ ಸಿಗತ್ತೆ?" ಅಂತ ಎಲ್ಲರೂ ಕೇಳಿದರು. ಮಹಾತ್ಮ ಗಾಂಧಿ ರಸ್ತೆಯ ಕಾವೇರಿ ಎಂಪೋರಿಯಂನಲ್ಲಿ ವಿಚಾರಿಸಿ ಅಂತ ಹೇಳಿ ಕಳಿಸಿದ್ದೇನೆ. ಒಂದು ಮೊಬೈಲಿನ ಫೋಟೊಗೇ ಇಷ್ಟು ಜನ ಕೇಳಿದರು. ನಿಮ್ಮ ಪತ್ರಿಕೆ ಎಷ್ಟು ಮನೆಗೆ ಹೋಗುತ್ತದೆ, ಯೋಚಿಸಿ.

ಈ ಪತ್ರದ ಜೊತೆ ರಾಣಿಯ ಫೋಟೊ ಕಳಿಸಿದ್ದೇನೆ. ಫ್ಲ್ಯಾಶ್ ಇಲ್ಲ, ಬಣ್ಣ ತಿದ್ದಿಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ಮೋಡವಿದ್ದಾಗ ತೆಗೆದದ್ದು. ಹಾಕುವುದಾದರೆ ದಯವಿಟ್ಟು ಸೊಂಟದ ಗೆರೆ ಕತ್ತರಿಸಿ ಹೋಗದ ಹಾಗೆ ನೋಡಿಕೊಳ್ಳಿ. ಕೆಳಗೆ ನನ್ನ ಹೆಸರು ಬೇಡ. ಹೀಗೆ ಬರೆಯಿರಿ: ಪಟ್ಟದ ಗೊಂಬೆ, ರಕ್ತಚಂದನ, ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ.

ಇಂತಿ,
ಬ್ಲೌಸ್ ಹೊಲಿಯುವ ಒಬ್ಬ ಓದುಗಿ
ತ್ಯಾಗರಾಜನಗರ, ಬೆಂಗಳೂರು